ಕತ್ತಿ ಮರೆತು ಬಂದ ವರ್ಷ

ವರ್ಷದ ಕೊನೆಯ ರಜೆ ಶುರುವಾಯಿತೆಂದರೆ ಬೇರೆ ಮನೆಯವರು ಸಮುದ್ರ ನೋಡಲು ಹೋಗುತ್ತಾರೆ, ಬೆಟ್ಟ ಹತ್ತಲು ಹೋಗುತ್ತಾರೆ. ಕ್ಷೌರಿಕನ ಮನೆಯವರು ಮಾತ್ರ ಕತ್ತರಿ, ಬಾಚಣಿಗೆ, ಟವಲ್ಲುಗಳ ಗಂಟು ಕಟ್ಟಿಕೊಂಡು ಊರಾಚೆಯ ವೃದ್ಧಾಶ್ರಮಕ್ಕೆ ಹೋಗುತ್ತಾರೆ. ಹಿಂದೊಮ್ಮೆ ಇವರ ಅಂಗಡಿಗೆ ಬೆಂಕಿ ಬಿದ್ದು ಕುರ್ಚಿ, ಕನ್ನಡಿ ಎಲ್ಲ ಬೂದಿಯಾದಾಗ ಬೀದಿಯವರು ಸೇರಿ ಅದನ್ನು ಮತ್ತೆ ಎಬ್ಬಿಸಿ ನಿಲ್ಲಿಸಿದ್ದರು. ಯಾರು ಎಷ್ಟು ಕೊಟ್ಟರೆಂದು ಒಬ್ಬರೂ ಬಾಯಿ ಬಿಡಲಿಲ್ಲ. ಯಾರ ಋಣ ತೀರಿಸಬೇಕೆಂದು ತಿಳಿಯದೆ ಒದ್ದಾಡಿದ ಅಪ್ಪ ಕೊನೆಗೆ, "ಯಾರಿಗಾದ್ರೂ ಸರಿ, ತೀರಿಸೋಣ" ಎಂದಿದ್ದ. ಅಂದಿನಿಂದ ಇದು ನಡೆದುಬಂದಿದೆ. ಅಪ್ಪ ಕಟಿಂಗು, ಶೇವಿಂಗು. ಅಮ್ಮ ಬಿಸಿನೀರು, ಕುತ್ತಿಗೆಗೆ ಟವಲ್ಲು. ಮಗಳು ಚಿಕ್ಕವಳಿದ್ದಾಗ ಕೂದಲು ಗುಡಿಸುತ್ತಿದ್ದಳು, ಈಗ ಅಜ್ಜಂದಿರ ಉಗುರು ಕತ್ತರಿಸುತ್ತಾಳೆ.

ಈ ಸಲ ಮಗಳಿಗೆ ಹೋಗುವುದೇ ಬೇಡವಾಗಿತ್ತು. ಕಾರಣ ಅಪ್ಪನ ಕೈ. ಮೊದಮೊದಲು ಚಹಾದ ಲೋಟದಲ್ಲಿ ಮಾತ್ರ ಕಾಣಿಸುತ್ತಿದ್ದ ನಡುಕ ಆಮೇಲೆ ಕತ್ತರಿಗೂ ಬಂತು. ಡಾಕ್ಟರು ಮಾತ್ರೆ ಕೊಟ್ಟರು, ಮಾತ್ರೆ ಮುಗಿಯಿತು, ನಡುಕ ಮುಗಿಯಲಿಲ್ಲ. ಅಪ್ಪ ಒಮ್ಮೆ ಚಳಿಯನ್ನು ಬೈದ, ಒಮ್ಮೆ ಲೈಟನ್ನು ಬೈದ, ಕೊನೆಗೆ ಒಳ್ಳೆಯ ಕತ್ತರಿಯನ್ನೇ ಮೊಂಡು ಎಂದು ಮೂಲೆಗೆಸೆದ. ಖಾಯಂ ಗಿರಾಕಿಗಳು "ಆಮೇಲೆ ಬರ್ತೀನಿ" ಎಂದು ಹೋದವರು ಎದುರು ಬೀದಿಯ ಅಂಗಡಿಯಿಂದ ಹೊಸ ತಲೆ ಮಾಡಿಸಿಕೊಂಡು ಬಂದು ಇವನೆದುರೇ ಓಡಾಡಿದರು. ಒಬ್ಬ ಮಾತ್ರ, ಕತ್ತಿ ತಾಗಿ ಕಿವಿಯಲ್ಲಿ ರಕ್ತ ಬಂದಾಗ, ಬೀದಿಗೆಲ್ಲ ಕೇಳುವಂತೆ ಕೂಗಾಡಿದ. ಅಂದು ಅಪ್ಪ ತಾನಾಗಿ ಕತ್ತಿ ಕೆಳಗಿಟ್ಟ. ಈಗ ಅಂಗಡಿಯಲ್ಲಿ ಕೆಲಸದವನಿದ್ದಾನೆ. ಅಪ್ಪ ಮೂಲೆಯಲ್ಲಿ ಕೂತು ಟವಲ್ಲು ಮಡಿಸುತ್ತಾನೆ. ಮಡಿಸಿದ್ದನ್ನೇ ಬಿಚ್ಚಿ ಮತ್ತೆ ಮಡಿಸುತ್ತಾನೆ.

ಆದರೂ ವೃದ್ಧಾಶ್ರಮಕ್ಕೆ ಹೋಗುವ ದಿನ ಬೆಳಿಗ್ಗೆ ಅಪ್ಪ ಸ್ನಾನ ಮಾಡಿ, ಇಸ್ತ್ರಿ ಅಂಗಿ ಹಾಕಿ, ಎಲ್ಲರಿಗಿಂತ ಮೊದಲು ಬಾಗಿಲಲ್ಲಿ ನಿಂತಿದ್ದ. ಬೇಡವೆನ್ನುವ ಬದಲು ಮಗಳು ಚೀಲದಿಂದ ಶೇವಿಂಗಿನ ಕತ್ತಿಯನ್ನು ಮೆಲ್ಲಗೆ ತೆಗೆದು ಬೀರುವಿನಲ್ಲಿ ಬಚ್ಚಿಟ್ಟಳು. ಕೂದಲು ಕತ್ತರಿಸುವ ಮೆಷಿನ್ ಇದ್ದರೆ ಸಾಕು, ಅದರಿಂದ ಯಾರ ಜೀವವೂ ಹೋಗುವುದಿಲ್ಲ. ಅಮ್ಮ ನೋಡಿದಳು. ಕತ್ತಿ ಇದ್ದ ಜಾಗದಲ್ಲಿ ಇನ್ನೊಂದು ಟವಲ್ಲು ತುರುಕಿದಳು.

ಅಲ್ಲಿ ಹೋಗಿ ನೋಡಿದರೆ ಹಜಾರದಲ್ಲಿ ಅಜ್ಜಂದಿರು ಸಾಲಾಗಿ ಕೂತಿದ್ದರು. ಒಬ್ಬೊಬ್ಬರ ತಲೆಯೂ ಕಾಡು. ಕೂದಲು ಕಿವಿ ಮುಚ್ಚಿ ಕಾಲರಿಗೆ ಇಳಿದಿತ್ತು. ಮಗಳು ಮೇಲ್ವಿಚಾರಕಿಯನ್ನು ಪಕ್ಕಕ್ಕೆ ಕರೆದಳು.

"ಮೇಡಂ, ನಿಮಗೆ ಫೋನ್ ಮಾಡಿ ಹೇಳಿದ್ನಲ್ಲ, ಈ ವರ್ಷ ಏನಾದ್ರೂ ನೆಪ ಹೇಳಿ ಬೇಡ ಅನ್ನಿ ಅಂತ?"

"ಅಜ್ಜಂದಿರಿಗೆ ಹೇಳ್ದೆ ಕಣಮ್ಮ. ನನ್ ಮೇಲೇ ಜಗಳಕ್ಕೆ ಬಂದ್ರು. ತಿಂಗಳಿಗೊಮ್ಮೆ ಬರೋ ಕಟಿಂಗಿನವನಿಗೂ ಯಾರೂ ತಲೆ ಕೊಟ್ಟಿಲ್ಲ. ನಿಮ್ಮಪ್ಪ ಬಂದಾಗ ಕತ್ತರಿಸೋಕೆ ಕೂದಲಿಲ್ದಿದ್ರೆ ಪಾಪ ಬೇಜಾರು ಮಾಡ್ಕೋತಾರೆ ಅಂತ ಎಲ್ರೂ ಸೇರಿ ಬೆಳೆಸಿದ್ದಾರೆ."

"ಅಪ್ಪನ ಕೈ ವಿಷಯ ಗೊತ್ತಿಲ್ಲ ಅವರಿಗೆ."

"ಹೋದ ವರ್ಷ ಇಲ್ಲಿ ಒಬ್ರ ಕಿವಿ ಕೊಯ್ದಾಗ್ಲೇ ಗೊತ್ತಾಗಿದೆ, ನಿಮಗೆ ಹೇಳಿಲ್ಲ ಅಷ್ಟೆ. ಕಿವಿ ತಾನಾಗೇ ಕೊಯ್ಕೊಳ್ಳುತ್ತಾ?"

ಒಬ್ಬರಾದರೂ ಕೂಗಾಡಿಯಾರು, ಒಬ್ಬರಾದರೂ ಎದ್ದು ಹೋದಾರು, ಆಗ ಅಪ್ಪ ಇಲ್ಲೂ ನಿಲ್ಲಿಸಿಯಾನು ಎಂಬ ಒಂದೇ ಆಸೆಯನ್ನು ಮಗಳು ಹಿಡಿದುಕೊಂಡು ಬಂದಿದ್ದಳು. ಅಂಗಡಿಯ ಗಿರಾಕಿಗಳಿಗೆ ಕಾಲಿತ್ತು, ಎದುರು ಬೀದಿಗೆ ಹೋದರು. ಇವರು ಎಲ್ಲಿಗೆ ಹೋಗಬೇಕು?

ಮೆಷಿನ್ ಗುಂಯ್‌ಗುಡುತ್ತ ಕೆಲಸ ನಡೆಯಿತು. ಅಪ್ಪ ಕತ್ತರಿಸಿದ ತಲೆಗಳಲ್ಲಿ ಏರು ತಗ್ಗು ಎಲ್ಲ ಇತ್ತು. ಕನ್ನಡಿ ಹಿಡಿದರೆ ಒಬ್ಬ ಅಜ್ಜ, "ಇನ್ನೊಂದ್ಸಲ ಮದುವೆ ಆಗ್ಬಹುದು ನಾನು" ಎಂದ. ಇನ್ನೊಬ್ಬ, "ನಿನಗ್ಯಾರೋ ಹೆಣ್ಣು ಕೊಡ್ತಾರೆ" ಎಂದ. ಅಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕ. ಅವನು ಹಾಗೆ ನಗುವುದನ್ನು ಮನೆಯವರು ನೋಡಿ ಎಷ್ಟೋ ಕಾಲವಾಗಿತ್ತು. ಅಮ್ಮ ಮುಖ ತಿರುಗಿಸಿಕೊಂಡು ನೀರಿನ ಬಕೆಟ್ಟು ಎತ್ತಿದಳು.

ತಲೆಗಳು ಮುಗಿದ ಮೇಲೆ ಅಪ್ಪ ಶೇವಿಂಗಿಗೆಂದು ಚೀಲಕ್ಕೆ ಕೈ ಹಾಕಿದ. ತಡಕಿದ. ಚೀಲವನ್ನು ಬೋರಲು ಹಾಕಿ ಕೊಡವಿದ.

"ಕತ್ತಿ ಎಲ್ಲಿ?"

"ಮರೆತೆ ಅನ್ಸುತ್ತೆ ಅಪ್ಪ. ಪರವಾಗಿಲ್ಲ ಬಿಡು, ಕಟಿಂಗ್ ಆಯ್ತಲ್ಲ."

ಅಪ್ಪ ಅವಳನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ನೊರೆ ಎಬ್ಬಿಸಿದ ಬ್ರಷ್ಷನ್ನು ಕೈಯಲ್ಲಿ ಹಿಡಿದುಕೊಂಡು, ಗಡ್ಡ ಬಿಟ್ಟುಕೊಂಡು ಕಾದು ಕೂತಿದ್ದ ಆ ಮುಖಗಳನ್ನೆಲ್ಲ ನೋಡಿ, ಕುರ್ಚಿಯ ಮೇಲೆ ಕುಸಿದು ಕೂತ. ಇಷ್ಟು ಹೊತ್ತು ನಗುತ್ತಿದ್ದವನು ಇವನೇ ಎಂದರೆ ಯಾರೂ ನಂಬುವಂತಿರಲಿಲ್ಲ.

ಆಗ ಎದ್ದವನು ಲೈನ್‌ಮನ್ ತಾತ. ಒಂದು ಕಾಲದಲ್ಲಿ ಕರೆಂಟಿನ ಕಂಬ ಹತ್ತುತ್ತಿದ್ದವನು, ಈಗ ಮಂಚ ಇಳಿಯಲು ಕೋಲು ಬೇಕು. ಕೋಲೂರಿಕೊಂಡು ತನ್ನ ಮಂಚದ ತನಕ ಹೋದ, ಟ್ರಂಕು ತೆರೆದ, ಬಟ್ಟೆಯಲ್ಲಿ ಸುತ್ತಿಟ್ಟಿದ್ದ ತನ್ನದೇ ಹಳೆಯ ಶೇವಿಂಗ್ ಕತ್ತಿಯನ್ನು ತಂದು ಅಪ್ಪನ ಕೈಗಿಟ್ಟ.

"ತಗೊಳ್ಳಪ್ಪ. ಇದಕ್ಕೂ ಕೆಲಸ ಇಲ್ದೆ ಬೇಜಾರಾಗಿತ್ತು."

ಮಗಳು ಓಡಿ ಬಂದು ತಾತನ ತೋಳು ಹಿಡಿದಳು. "ತಾತ, ನಾನು ಮಾಡ್ತೀನಿ, ನನಗೂ ಬರುತ್ತೆ."

"ನಿನ್ ಕೈಲಿ ಇನ್ನೊಂದಿನ ಮಾಡಿಸ್ಕೋತೀನಿ ಮಗಳೇ. ಇವತ್ತು ಯಜಮಾನ್ರ ಸರದಿ" ಎಂದು ತಾತ ಕುರ್ಚಿಯಲ್ಲಿ ಕೂತು, ಗಲ್ಲ ಮೇಲೆತ್ತಿ, ಕಣ್ಣು ಮುಚ್ಚಿದ.

ನಿಲ್ಲಿಸು ಅಂದರೆ ಅಷ್ಟು ಜನರೆದುರು ಅಪ್ಪನ ಮಾನ ಹೋಗುತ್ತದೆ. ಸುಮ್ಮನಿದ್ದರೆ ತಾತನ ಕುತ್ತಿಗೆ. ಮಗಳಿಗೆ ಎರಡೂ ಆಗಲಿಲ್ಲ; ಕುರ್ಚಿಯ ಹಿಂದೆ ಹೋಗಿ ತಾತನ ತಲೆಯನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದು ನಿಂತಳು. ಕತ್ತಿ ಕಿವಿಯ ಬುಡದಿಂದ ಇಳಿಯಿತು. ಗಲ್ಲದ ತಿರುವಿನಲ್ಲಿ ಅಪ್ಪನ ಮಣಿಕಟ್ಟು ಸರಕ್ಕನೆ ಹಾರಿತು. ಬಿಳಿ ನೊರೆಯ ಮೇಲೆ ಕೆಂಪು ಗೆರೆ ಮೂಡಿ ಅಗಲವಾಯಿತು.

"ಕೊಯ್ತಾ?" ಅಪ್ಪ ಕತ್ತಿ ಎತ್ತಿ ಹಿಡಿದು ಕೇಳಿದ.

"ಏ ಇಲ್ಲಪ್ಪ. ಮೊಡವೆ ಒಡೀತು. ಹರೆಯ ನೋಡು, ಏನ್ ಮಾಡೋದು."

ಹಜಾರವೆಲ್ಲ ನಕ್ಕಿತು. ಅಪ್ಪ ಒಂದು ಕ್ಷಣ ಮಗಳ ಮುಖ ನೋಡಿದ. ಅವನ ಕಣ್ಣಲ್ಲಿ ಹೆದರಿಕೆ ಇತ್ತು, ಅದು ಅವಳಿಗೆ ಕಂಡಿತು; 'ಹೌದಪ್ಪ, ಮೊಡವೆ' ಅಂತಲೇ ಹೇಳು ಎಂದು ಅದು ಬೇಡುತ್ತಿತ್ತು. ಅವಳು ಹೌದೆಂದು ಕತ್ತು ಅಲ್ಲಾಡಿಸಿದಳು. ಅಪ್ಪ ಇನ್ನೊಂದು ಕೆನ್ನೆಗೆ ಬ್ರಷ್ಷು ಹಚ್ಚಿದ.

ಎಲ್ಲ ಮುಗಿದ ಮೇಲೆ ಗಾಯಕ್ಕೆ ಹತ್ತಿ ಅಂಟಿಸುತ್ತ ಮಗಳಿಗೆ ಸಿಟ್ಟು ತಡೆಯಲಾಗಲಿಲ್ಲ. "ಬೇಡ ಅಂತ ಒಂದು ಮಾತು ಹೇಳೋಕೆ ನಿಮಗೇನಾಗಿತ್ತು ತಾತ? ನಿಮ್ಮ ಬಾಯಲ್ಲಿ ಬಂದಿದ್ರೆ ಅಪ್ಪ ಕೇಳ್ತಿದ್ದ."

"ಇಷ್ಟು ವರ್ಷ ನಿಮ್ಮನೆಯವರು ಕೊಟ್ರಿ, ನಾವು ತಗೊಂಡ್ವಿ. ನಮ್ಮ ಹತ್ರ ವಾಪಸ್ ಕೊಡೋಕೆ ಏನಿದೆ ಹೇಳು? ಈ ಹಾಳು ಮುಖ ಒಂದಿದೆ. ನಿಮ್ಮಪ್ಪ ನಗೋದು ನೋಡ್ದೆ ತಾನೆ?"

ಅವಳು ನೋಡಿದ್ದಳು. ಹತ್ತಿಯನ್ನು ಇನ್ನಷ್ಟು ಒತ್ತಿ ಹಿಡಿದಳು.

ಹೊರಡುವ ಹೊತ್ತಿಗೆ ಅಪ್ಪ ಚೀಲ ಹೆಗಲಿಗೇರಿಸಿ ಹಜಾರದ ನಡುವೆ ನಿಂತ.

"ನೋಡಿ, ಅಂಗಡೀಲಿ ಈಗ ಕೆಲಸದವನಿದ್ದಾನೆ. ನನಗೆ ಪುರುಸೊತ್ತು. ವರ್ಷಕ್ಕೊಂದ್ಸಲ ಬಂದು ಹೋದ್ರೆ ನಿಮಗೆ ಸಾಲಲ್ಲ, ಇವತ್ತು ನಿಮ್ಮ ತಲೆ ನೋಡಿದ್ಮೇಲೆ ಗೊತ್ತಾಯ್ತು. ಇನ್ಮೇಲೆ ಪ್ರತಿ ಭಾನುವಾರ ಬರ್ತೀನಿ."

ಮೇಲ್ವಿಚಾರಕಿ ಮಗಳನ್ನು ನೋಡಿದಳು. ಮಗಳು ಅಮ್ಮನನ್ನು ನೋಡಿದಳು. ಅಮ್ಮ ಆಗಲೇ ಹಿಂಡಿದ್ದ ಟವಲ್ಲನ್ನು ಮತ್ತೆ ಹಿಂಡುತ್ತಿದ್ದಳು, ಅದರಿಂದ ಒಂದು ಹನಿಯೂ ಬೀಳುತ್ತಿರಲಿಲ್ಲ. ಲೈನ್‌ಮನ್ ತಾತ ಕೋಲನ್ನು ಗೋಡೆಗೆ ಒರಗಿಸಿ ಚಪ್ಪಾಳೆ ತಟ್ಟಿದ. ಅವನ ಪಕ್ಕದವನು ತಟ್ಟಿದ. ಆಮೇಲೆ ಸಾಲಿನವರೆಲ್ಲ ತಟ್ಟಿದರು.

ಅಪ್ಪ ಕಣ್ಣೊರೆಸಿಕೊಳ್ಳುತ್ತ ಮನೆಯವರ ಕಡೆ ತಿರುಗಿದ. ಮಗಳೂ ಚಪ್ಪಾಳೆ ತಟ್ಟಿದಳು. ತಟ್ಟದೆ ಇನ್ನೇನು ಮಾಡುತ್ತಾಳೆ?