ಒಂದು ಟ್ರಿಪ್ಪಿಗೆ ಕಟ್ಟಿದ ತಂತಿ

ಸತ್ತವರು ಸುಮ್ಮನಿರುತ್ತಾರೆ ಎನ್ನುವವರು ಬಂದು ಆ ಲಾರಿಯ ಕೆಳಗೆ ಒಂದು ಗಳಿಗೆ ಮಲಗಲಿ. ನಾನು ಹನ್ನೊಂದು ದಿನ ಮಲಗಿದ್ದೇನೆ.

ಕೊತ್ತತ್ತಿಯ ಅಂಕಯ್ಯನವರ ಲಾರಿ ಅದು. ಐದು ವರ್ಷದ ಹಿಂದೆ ಕಬ್ಬು ತುಂಬಿಕೊಂಡು ಮಂಡ್ಯಕ್ಕೆ ಹೊರಟಿದ್ದು ಸೇತುವೆಯ ಇಳಿಜಾರಿನಲ್ಲಿ ನಾಲೆಗೆ ಬಿತ್ತು. ಡ್ರೈವರ್ ಹುಚ್ಚೀರಯ್ಯ ಅದರಡಿಯಲ್ಲೇ ಹೋದ. ಎಂಟು ಜೊತೆ ಎತ್ತು ಕಟ್ಟಿ ಮೇಲಕ್ಕೆಳೆದು ಹೊಂಗೆಮರದಡಿ ಬಿಟ್ಟರು. ಕುಡಿದು ಓಡಿಸಿದ ಎಂದು ಊರು ತೀರ್ಮಾನ ಮಾಡಿತು. ಅವನು ಹೆಂಡ ಮೂಸಿಯೂ ನೋಡದವನೆಂದು ನನಗೆ ಗೊತ್ತಿತ್ತು. ಬಾಯಿ ಬಿಡಲಿಲ್ಲ. ಅವತ್ತು ಬೆಳಿಗ್ಗೆ ಬ್ರೇಕಿನ ಸರಳಿನ ಪಿನ್ನು ಮುರಿದಿತ್ತು. ಹೊಸದು ಮೈಸೂರಿನಿಂದ ಬರಬೇಕು, ಅಷ್ಟರಲ್ಲಿ ಕಬ್ಬು ಒಣಗುತ್ತದೆ ಎಂದು ಅಂಕಯ್ಯನವರ ಗಲಾಟೆ. ಒಂದೇ ಟ್ರಿಪ್ಪಲ್ಲವೇ ಎಂದು ಬೇಲಿ ತಂತಿಯಲ್ಲಿ ಬಿಗಿದು ಕೊಟ್ಟವನು ನಾನು, ಮದ್ದೂರಿನ ಲಾರಿ ಮೇಸ್ತ್ರಿ ಮರಿಸಿದ್ದಯ್ಯ.

ಈಗ ಯುದ್ಧಕಾಲ. ಪೆಟ್ರೋಲು ಸಿಗುವುದಿಲ್ಲ, ಹೊಸ ಲಾರಿಯ ಮಾತೇ ಇಲ್ಲ. ಇದಕ್ಕೇ ಇದ್ದಿಲು ಗ್ಯಾಸಿನ ಒಲೆ ಕೂರಿಸಿ ಓಡುವ ಹಾಗೆ ಮಾಡಿಕೊಡು ಎಂದು ಅಂಕಯ್ಯನವರು ಹೇಳಿಕಳಿಸಿದರು. ಬೇರೆಯವನ ಕೈಗೆ ಹೋದರೆ ತಂತಿ ಕಂಡೀತೆಂದು ಓಡಿ ಬಂದೆ. ಎಂಥ ನೀಚ ಬುದ್ಧಿ ನೋಡಿ.

ಮೊದಲ ದಿನವೇ ತಂತಿ ಸಿಕ್ಕಿತು, ಸರಳಿನ ತುದಿಯಲ್ಲಿ ತುಂಡಾಗಿ ಜೋತಾಡುತ್ತಿತ್ತು. ಬಿಚ್ಚಿ ನಾಲೆಗೆ ಎಸೆದೆ. ಅಂದಿನಿಂದ ಶುರುವಾಯಿತು. ನಾನು ಕೆಳಗೆ ಮಲಗಿದರೆ ಸಾಕು, ಮೇಲೆ ಬ್ರೇಕಿನ ಪೆಡಲು ಕಿರ್ರೆಂದು ಇಳಿಯುತ್ತಿತ್ತು. ತಡೆದು, ಮತ್ತೆ ಇಳಿಯುತ್ತಿತ್ತು. ಎದ್ದು ನೋಡಿದರೆ ಸೀಟು ಖಾಲಿ. ಸ್ಪ್ರಿಂಗಿನ ತುಕ್ಕಿರಬೇಕೆಂದು ಸ್ಪ್ರಿಂಗನ್ನೇ ಬಿಚ್ಚಿಟ್ಟೆ. ಆಮೇಲೂ ಪೆಡಲು ತಾನೇ ಮೇಲೇರಿ ಮತ್ತೆ ಇಳಿಯಿತು. ಹಾಡುಹಗಲು, ಆಚೆ ಗದ್ದೆಯಲ್ಲಿ ಹೆಂಗಸರು ಮಾತಾಡಿಕೊಂಡು ಕಳೆ ಕೀಳುತ್ತಿದ್ದರು.

ಹನ್ನೊಂದನೆಯ ದಿನ ಹೊಸ ಪಿನ್ನು ಹಾಕಿ, ಎಲ್ಲ ಜೋಡಿಸಿ, ಇದ್ದಿಲು ಹೊತ್ತಿಸಿ ಹ್ಯಾಂಡಲ್ ತಿರುಗಿಸಿದೆ. ಮೂರನೆಯ ಸುತ್ತಿಗೆ ಲಾರಿ ಕೆಮ್ಮಿ ಎದ್ದಿತು.

ಆಳನ್ನು ಬಲಿ ತೆಗೆದುಕೊಂಡ ಗಾಡಿ ಮತ್ತೆ ರಸ್ತೆಗಿಳಿಯುವಾಗ ಸತ್ತವನ ಮನೆಯವರೇ ಚಕ್ರಕ್ಕೆ ನಿಂಬೆಹಣ್ಣು ಇಡಬೇಕು; ಇಲ್ಲದಿದ್ದರೆ ನಮ್ಮ ಕಡೆ ಯಾವ ಡ್ರೈವರೂ ಹತ್ತುವುದಿಲ್ಲ. ಹಾಗಾಗಿ ಹುಚ್ಚೀರಯ್ಯನ ಹೆಂಡತಿ ದೇವಿರಮ್ಮನನ್ನು ಕರೆಸಿದರು. ಕುಡುಕನ ಮಗಳೆಂದು ಅವಳ ಮಗಳಿಗೆ ಬಂದ ಎರಡು ಸಂಬಂಧವೂ ಮುರಿದಿದ್ದವು. ಊರೆಲ್ಲ ನೆರೆದಿತ್ತು. ಅವಳು ಹಣ್ಣನ್ನು ಕೈಯಲ್ಲೇ ಹಿಡಿದು, ಬ್ರೇಕಿಗೆ ಏನಾಗಿತ್ತೆಂದು ನನ್ನನ್ನು ಕೇಳಿದಳು. ನೀರು ಬಿದ್ದು ತುಕ್ಕು ಹಿಡಿದಿತ್ತು, ಅಷ್ಟೇ ಎಂದೆ.

ಅವಳು ಹತ್ತಿರ ಬಂದಳು. ಇಂಜಿನ್ನಿನ ಸದ್ದಿನಲ್ಲಿ ಅವಳ ಮಾತು ನನಗೊಬ್ಬನಿಗೇ ಕೇಳಿತು.

"ಅವತ್ತು ಓಗೋವಾಗ ಅವ್ರು ಏಳ್ಬುಟ್ಟೇ ಓದ್ರು ಕಣಣ್ಣ. ಬ್ರೇಕಿಗೆ ತಂತಿ ಕಟ್ಟವ್ನೆ, ಕಟ್ಟಿರೋನು ಮರಿಸಿದ್ದ, ಭಯ ಇಲ್ಲ ಅಂದ್ರು. ನಾನು ಏಳುದ್ರೆ ಯಾರು ನಂಬ್ತಾರೆ? ನೀನೇ ಏಳ್ತೀಯ ಅಂತ ಐದು ವರ್ಸ ಕಾದೆ."

ಸ್ವಿಚ್ಚು ತಿರುಗಿಸಿ ಇಂಜಿನ್ ನಿಲ್ಲಿಸಿದೆ. ಎಲ್ಲರಿಗೂ ಕೇಳಬೇಕಿತ್ತು.

"ಹುಚ್ಚೀರಣ್ಣ ಕುಡ್ದಿರ್ನಿಲ್ಲ. ಬ್ರೇಕಿಗೆ ತಂತಿ ಕಟ್ಟಿ ಕಳ್ಸಿದ್ದು ನಾನು."

ಅಂಕಯ್ಯನವರು ಮುಖ ತಿರುಗಿಸಿಕೊಂಡರು. ದೇವಿರಮ್ಮ ಬಗ್ಗಿ ಚಕ್ರದಡಿ ಹಣ್ಣಿಟ್ಟು, ಮೊದಲ ಟ್ರಿಪ್ಪು ಇವನೇ ಓಡಿಸಲಿ ಎಂದಳು.

ಒಬ್ಬನೇ ಹತ್ತಿ ಓಡಿಸಿದೆ. ಸೇತುವೆ ಇಳಿಯುವಾಗ ಪಕ್ಕದಲ್ಲಿ ಯಾರೋ ಧೈರ್ಯವಾಗಿ, ನನ್ನನ್ನು ನಂಬಿಕೊಂಡು ಕೂತಿದ್ದರು.