ಮೌನಕ್ಕೆ ಇಪ್ಪತ್ತೈದು ಅಂಕ

ಶಿಕ್ಷಕರ ತರಬೇತಿ ಕಾಲೇಜಿನಲ್ಲಿ ಅವರಿಗೆ ‘ಮೌನದ ಮೇಷ್ಟ್ರು’ ಎಂದೇ ಅಡ್ಡಹೆಸರು. ಪಾಠ ಹೇಳುವವರ ಒಳಗೂ ಒಂದಿಷ್ಟು ಬೆಳಕಿರಬೇಕು ಎಂಬುದು ಅವರ ಹುಚ್ಚು. ಅದಕ್ಕೇ ಹನ್ನೊಂದು ವರ್ಷಗಳಿಂದ ವಾರಕ್ಕೊಂದು ಅವಧಿ, ಪುಸ್ತಕವಿಲ್ಲದೆ ಮಾತಿಲ್ಲದೆ, ಎಲ್ಲರನ್ನೂ ಸುಮ್ಮನೆ ಕೂರಿಸುತ್ತಿದ್ದರು. ಅರ್ಧ ಜನ ತೂಕಡಿಸುತ್ತಿದ್ದರು. ಇರಲಿ, ತೂಕಡಿಸುವುದಕ್ಕೂ ಒಂದು ನೆಮ್ಮದಿ ಬೇಕಲ್ಲ!

ಈ ವರ್ಷ ಪ್ರಾಂಶುಪಾಲರು ಕಡ್ಡಿ ಮುರಿದ ಹಾಗೆ ಹೇಳಿಬಿಟ್ಟರು: “ಅಂಕ ಇಲ್ದಿರೋ ಅವಧಿ ಇನ್ಮೇಲೆ ವೇಳಾಪಟ್ಟಿಯಲ್ಲಿ ಇರಲ್ಲ.”

ಅವಧಿ ಉಳಿಸಿಕೊಳ್ಳಲು ಮೇಷ್ಟ್ರು ತಾವೇ ಕೂತು ಅಂಕಪಟ್ಟಿ ಮಾಡಿದರು. ವಾರವಾರವೂ ಮೌನದ ಅನುಭವವನ್ನು ದಿನಚರಿಯಲ್ಲಿ ಬರೆಯಬೇಕು. ಶಾಂತಿಗೆ ಹತ್ತು, ಕರುಣೆಗೆ ಹತ್ತು, ಅಚ್ಚುಕಟ್ಟಿಗೆ ಐದು. ಅಷ್ಟು ಓದಿಕೊಂಡವರಿಗೆ ಇದು ಎಂಥ ಎಡವಟ್ಟೆಂದು ಹೊಳೆಯಲಿಲ್ಲ ನೋಡಿ.

ದಿನಚರಿಗಳು ಬಂದವು. ಎಲ್ಲರಿಗೂ ಒಂದೇ ವಾರದಲ್ಲಿ, ಒಂದೇ ವಾಕ್ಯದಲ್ಲಿ ಜ್ಞಾನೋದಯವಾಗಿತ್ತು. ಕಿಟಕಿ ಪಕ್ಕದ ಹುಡುಗಿಯ ಪುಸ್ತಕ ಮಾತ್ರ ಖಾಲಿ. ಗಂಟೆ ಹೊಡೆದು ಎಲ್ಲರೂ ಎದ್ದು ಹೋದರೂ ಕಣ್ಣು ಮುಚ್ಚಿ ಕೂತೇ ಇರುತ್ತಿದ್ದವಳು ಅವಳೊಬ್ಬಳೇ. ಇಷ್ಟು ವರ್ಷ ಮೇಷ್ಟ್ರು ಕಾದಿದ್ದು ಇಂಥ ಒಬ್ಬಳಿಗಾಗಿಯೇ.

“ಬರೆಯೋಕೆ ಕೂತ್ರೆ ಅದು ಹೊರಟೋಗತ್ತೆ ಸಾರ್,” ಎಂದಳು.

ಅದು ನಿಜವೆಂದು ಮೇಷ್ಟ್ರಿಗೂ ಗೊತ್ತಿತ್ತು. ಆದರೆ ಸೊನ್ನೆ ಹಾಕಿದರೆ ಅವಳು ನಪಾಸು. ಸುಮ್ಮನೆ ಅಂಕ ಕೊಟ್ಟರೆ, ತಪಾಸಣೆಗೆ ಬಂದವರು ಖಾಲಿ ಪುಟ ನೋಡಿ ಅವಧಿಗೇ ಕತ್ತರಿ ಹಾಕುತ್ತಾರೆ.

“ಗೆಳತಿದು ನೋಡ್ಕೊಂಡಾದ್ರೂ ಏನೋ ಒಂದು ಗೀಚಮ್ಮ,” ಎಂದರು. ಹೇಳಿದ ಮೇಲೆ ಬಾಯಿ ತೊಳೆದುಕೊಳ್ಳಬೇಕೆನಿಸಿತು.

ಅವಳು ಮೇಷ್ಟ್ರ ಮಾತು ಮೀರುವವಳಲ್ಲ. ಮುಂದಿನ ವಾರ ಮುತ್ತು ಪೋಣಿಸಿದಂಥ ಅಕ್ಷರದಲ್ಲಿ ಮೂರು ಪುಟ ತಂದಳು. ಇಪ್ಪತ್ತನಾಲ್ಕು ಅಂಕ ಬಂತು.

ಅದರ ಮುಂದಿನ ವಾರ ಗಂಟೆ ಹೊಡೆದದ್ದೇ ತಡ, ಎಲ್ಲರಿಗಿಂತ ಮೊದಲು ಎದ್ದವಳು ಅವಳು. ಮೇಷ್ಟ್ರು ಬಾಗಿಲಲ್ಲಿ ತಡೆದರು.

“ಯಾಕಮ್ಮ, ಕೂತ್ಕೊಳ್ಳಲ್ವಾ?”

“ಈಗ ರೂಢಿ ಆಯ್ತು ಸಾರ್. ಕೂರದೇ ಇದ್ರೂ ಬರೆಯೋಕೆ ಬರತ್ತೆ.” ಅವಳು ನಕ್ಕಳು. ಆ ನಗುವಿನಲ್ಲಿ ಕೊಂಕಿರಲಿಲ್ಲ, ಉಪಕಾರಸ್ಮರಣೆಯೇ ಇತ್ತು. “ವರ್ಷಪೂರ್ತಿದು ಈಗ್ಲೇ ಮುಗಿಸ್ಬಿಟ್ಟಿದ್ದೀನಿ, ನೋಡಿ.”

ಅವಳು ಕೊಟ್ಟ ಪುಸ್ತಕವನ್ನು ಮೇಷ್ಟ್ರು ತಿರುವಿದರು. ಇನ್ನೂ ಬರಬೇಕಿದ್ದ ವಾರಗಳೆಲ್ಲ ತಾರೀಕು ಸಮೇತ ತುಂಬಿಹೋಗಿದ್ದವು. ಮೂರು ತಿಂಗಳಾಚೆಯ ಒಂದು ಶುಕ್ರವಾರದ ಕೆಳಗೆ, ‘ಇಂದು ಮೌನದಲ್ಲಿ ತಾನಾಗಿಯೇ ಕಣ್ಣು ತುಂಬಿ ಬಂತು’ ಎಂದಿತ್ತು.

ಮೇಷ್ಟ್ರು ಬಾಗಿಲಿಗೆ ಒರಗಿಕೊಂಡು ಅದಕ್ಕೂ ಅಂಕ ಹಾಕಿದರು.