ಖಾರವಿಲ್ಲದ ಹಿಂಡಿ

ರಾಮಪ್ರಸಾದ್ ಬೋನು ಇಟ್ಟರೆ ಅಳಿಲು ಬೀಳುತ್ತದೆ, ಅಮೃತಪ್ಪ ಇಟ್ಟರೆ ಬೀಳುವುದಿಲ್ಲ. ಮಾಲೀಕ ಡೆರಿಕ್ ಈ ಮಾತನ್ನು ನಗುತ್ತ ಹೇಳಿದ್ದು ಒಂದೇ ಸಲ. ಅಮೃತಪ್ಪ ಅದನ್ನು ಒಳಗೊಳಗೇ ದಿನಕ್ಕೆ ಹತ್ತು ಸಲ ಹೇಳಿಕೊಳ್ಳುತ್ತಿದ್ದ, ನಗದೆ.

ಇದು ೧೯೯೯ರ ಮಾತು. ಲಂಡನ್ನಿನ ಹ್ಯಾರೋದ ಹಿಂದಿನ ರಸ್ತೆಯ ಒಂದು ಶೆಡ್ಡಿನಲ್ಲಿ ಡೆರಿಕ್‌ನ ಪುಟ್ಟ ಕಂಪನಿ ಇತ್ತು. ಇಲಿ, ಹೆಗ್ಗಣ, ನರಿ ಎಂದು ಮನೆಯವರಿಗೆ ಬೇಡವಾದ ಜೀವಗಳನ್ನು ಹಿಡಿಯುವುದು ಅವರ ಕಸುಬು. ಅದರಲ್ಲಿ ಮುಕ್ಕಾಲು ಪಾಲು ಸ್ಟ್ಯಾನ್ಮೋರ್‌ನ ದೊಡ್ಡ ಮನೆಗಳ ಅಳಿಲುಗಳ ಕಾಟವೇ. ಬೆನ್ನ ಮೇಲೆ ಮೂರು ಗೆರೆಯ ನಮ್ಮ ಬಡಪಾಯಿ ಅಳಿಲಲ್ಲ ಅದು. ಬೂದು ಬಣ್ಣದ, ಬೆಕ್ಕಿನ ಮರಿಯಷ್ಟು ದಪ್ಪದ ಧಡಿಯ. ಹೆಂಚಿನ ಸಂದಿಯಿಂದ, ಸೂರಿನಡಿಯ ಅಟ್ಟವಾದ ಲಾಫ್ಟ್‌ಗೆ ನುಗ್ಗಿ ಕರೆಂಟಿನ ವಯರನ್ನೇ ಕಡಿದು ಹಾಕುತ್ತದೆ. ಒಮ್ಮೆ ಹಿಡಿದರೆ ಮತ್ತೆ ಬಿಡುವಂತಿಲ್ಲ, ಕಾನೂನು ಹಾಗಿದೆ. ಹಿಡಿದು ತರುವುದು ಇವರಿಬ್ಬರ ಕೆಲಸ, ಉಳಿದದ್ದನ್ನು ಡೆರಿಕ್ ಶೆಡ್ಡಿನ ಬಾಗಿಲು ಹಾಕಿಕೊಂಡು ತಾನೇ ಮುಗಿಸುತ್ತಿದ್ದ.

ಕಂಪನಿಗೆ ಇದ್ದದ್ದು ಒಂದೇ ವ್ಯಾನು. ಬೆಳಗಿನಿಂದ ಮಧ್ಯಾಹ್ನದವರೆಗೆ ಅಮೃತಪ್ಪನ ಪಾಳಿ, ಆಮೇಲೆ ರಾಮಪ್ರಸಾದನದು. ಅಮೃತಪ್ಪ ಬಿಜಾಪುರದ ಕಡೆಯವನು, ಈ ಕೆಲಸದಲ್ಲಿ ಏಳು ವರ್ಷ ಹಳಬ. ರಾಮಪ್ರಸಾದ್ ಮೈಸೂರಿನವನು, ಬಂದು ಎರಡು ವರ್ಷವಾಗಿರಲಿಲ್ಲ. ಅಮೃತಪ್ಪ ಕೈಗವಸು ಹಾಕಿ, ಬೋನನ್ನು ಸೋಪು ಹಚ್ಚಿ ತೊಳೆದು, ಅಂಗಡಿಯ ಪೀನಟ್ ಬಟರನ್ನು ಅಳತೆ ಮಾಡಿ ಹಚ್ಚಿ ಬರುತ್ತಿದ್ದ. ಮರುದಿನ ನೋಡಿದರೆ ಬೋನು ಬಾಯಿ ತೆರೆದುಕೊಂಡು ಹಾಗೇ ಕೂತಿರುತ್ತಿತ್ತು. ರಾಮಪ್ರಸಾದ್ ಸಿಳ್ಳೆ ಹಾಕುತ್ತ ಹೋಗಿ ಏನೋ ಒಂದು ಇಟ್ಟು ಬರುತ್ತಿದ್ದ. ಸಂಜೆಯೊಳಗೆ ಅಳಿಲು ಒಳಗೆ.

"ಏನು ಮದ್ದು ಇಡ್ತೀಯಪಾ ಅದಕ?" ಎಂದು ಅಮೃತಪ್ಪ ಒಮ್ಮೆ ಕೇಳಿಯೂ ಬಿಟ್ಟಿದ್ದ.

"ಎಲ್ಲಾ ನಿಮ್ಮ ಆಶೀರ್ವಾದ, ಅಮೃತಪ್ಪೋರೇ," ಎಂದು ಅವನು ಕೈ ಮುಗಿದು ನಕ್ಕಿದ್ದ. "ಕೈಗುಣ ಅನ್ನಿ!"

ಅಮೃತಪ್ಪನಿಗೆ ಆ ನಗು ಅಣಕದಂತೆ ಕಂಡಿತು. ಕೈಗುಣವಂತೆ! ಏಳು ವರ್ಷ ಲಾಫ್ಟ್‌ಗಳ ಧೂಳು ಕುಡಿದ ತನ್ನ ಕೈಗೆ ಇಲ್ಲದ ಗುಣ ನಿನ್ನೆ ಮೊನ್ನೆ ಬಂದವನ ಕೈಗೆ ಎಲ್ಲಿಂದ ಬಂತು?

ಕನ್ನಡದಲ್ಲಿ ಇದಕ್ಕೆ ಹೊಟ್ಟೆಕಿಚ್ಚು ಎಂದು ಹೆಸರಿಟ್ಟವರು ಅಮೃತಪ್ಪನನ್ನು ನೋಡಿಯೇ ಇಟ್ಟಿರಬೇಕು. ಅವನಿಗೆ ನಿಜವಾಗಿಯೂ ಹೊಟ್ಟೆಯಲ್ಲಿ ಹುಣ್ಣಿತ್ತು. ಮೂರು ವರ್ಷದ ಹಿಂದೆ, ಅವನ ಮನೆ ಇದ್ದ ಹೌನ್ಸ್ಲೋದ ಜಿಪಿ ಡಾಕ್ಟರು ಪರೀಕ್ಷೆ ಮಾಡಿಸಿ, ಮಾತ್ರೆ ಬರೆದುಕೊಟ್ಟು, ಖಾರ ಮುಟ್ಟಬೇಡಿ ಎಂದು ಹೇಳಿದ್ದರು. ಯಾವಾಗ ಉರಿಯುತ್ತದೆ ಎಂದು ಅವರು ಕೇಳಿದಾಗಲೆಲ್ಲ ಊಟದ ನಂತರ ಎನ್ನುತ್ತಿದ್ದ. ರಾಮಪ್ರಸಾದನಿಗೆ ಅಳಿಲು ಬಿದ್ದಾಗ ಎಂದು ಇಂಗ್ಲಿಷಿನಲ್ಲಿ ಹೇಳುವುದು ಹೇಗೆ?

ಅವನ ಹೆಂಡತಿ ಚನ್ನಬಸವ್ವ ಏರ್‌ಪೋರ್ಟಿನ ಹತ್ತಿರ ವಿಮಾನದ ಊಟ ತಯಾರಿಸುವ ಅಡುಗೆಮನೆಯಲ್ಲಿ ಕೆಲಸಕ್ಕಿದ್ದಳು. ಜಿಪಿ ಹೇಳಿದ್ದನ್ನು ಗಂಡನಿಗಿಂತ ಅವಳೇ ಗಟ್ಟಿಯಾಗಿ ಕೇಳಿಸಿಕೊಂಡಿದ್ದಳು. ಅಂದಿನಿಂದ ಮನೆಗೆ ಮೆಣಸಿನಕಾಯಿ ಬರಲಿಲ್ಲ. ಆದರೆ ಹಿಂಡಿ, ಅಂದರೆ ಚಟ್ನಿಪುಡಿ, ಇಲ್ಲದೆ ಬಿಜಾಪುರದವನಿಗೆ ರೊಟ್ಟಿ ಇಳಿಯುವುದು ಹೇಗೆ? ಅವಳು ಖಾರವಿಲ್ಲದ ಶೇಂಗಾ ಹಿಂಡಿಯನ್ನೇ ಕಂಡುಹಿಡಿದಳು. ಮೆಣಸಿನಕಾಯಿ ಇಲ್ಲ, ಬೆಳ್ಳುಳ್ಳಿಯೂ ಇಲ್ಲ; ಹುರಿದ ಶೇಂಗಾ, ಬೆಲ್ಲ, ಜೀರಿಗೆ, ಮೇಲೆ ಗುರೆಳ್ಳು. ಗುರೆಳ್ಳು ಹೌನ್ಸ್ಲೋದ ಯಾವ ಅಂಗಡಿಯಲ್ಲೂ ಸಿಗದೆ, ಕೊನೆಗೆ ಹಕ್ಕಿಗಳಿಗೆ ಹಾಕುವ ಕಾಳಿನ ಚೀಲದಲ್ಲಿ ಅದನ್ನು ಗುರುತು ಹಿಡಿದು ಕುಣಿದಾಡಿದ್ದಳು. ಊರಿನಿಂದ ತಂದ ಕುಟ್ಟಾಣಿಯಲ್ಲಿ ಎಣ್ಣೆ ಬಿಡುವವರೆಗೆ ಕುಟ್ಟಿ, ಫಾಯಿಲಿನಲ್ಲಿ ಹಾಕಿ, ಪಾನಿನ ಬೀಡಾ ಮಡಚಿದಂತೆ ನಾಲ್ಕು ಮೂಲೆ ಸೇರಿಸಿ ಮಡಚಿ ರೊಟ್ಟಿಯ ಜೊತೆ ಕಳಿಸುತ್ತಿದ್ದಳು.

ಅಮೃತಪ್ಪ ಅದನ್ನು ಒಂದು ವಾರ ತಿಂದ. ಆಮೇಲೆ ಆಗಲಿಲ್ಲ. ಖಾರವಿಲ್ಲದ ಹಿಂಡಿ ನೋಡಿದರೇ ತಾನು ರೋಗಿ ಎಂದು ನೆನಪಾಗುತ್ತಿತ್ತು. ರೊಟ್ಟಿಯನ್ನು ಬರಿದೇ ಮುರಿದು ತಿಂದು, ಕಬಾಬ್ ಅಂಗಡಿಯ ಮುಂದೆ ವ್ಯಾನು ನಿಲ್ಲಿಸಿ ಚಿಪ್ಸ್ ಕೊಂಡು, ಅದರ ಮೇಲೆ ಕೆಂಪು ಚಿಲ್ಲಿ ಸಾಸ್ ಸುರಿಸಿಕೊಳ್ಳುತ್ತಿದ್ದ. ಫಾಯಿಲಿನ ಪೊಟ್ಟಣ ಸೀಟಿನ ಕೆಳಗೆ ಹೋಗುತ್ತಿತ್ತು. ಅಲ್ಲಿಂದ ಮುಂದೆ ಎಲ್ಲಿಗೆ ಹೋಗುತ್ತದೆ ಎಂದು ಅವನು ಯೋಚಿಸಿದವನೇ ಅಲ್ಲ. ವ್ಯಾನು ಗುಡಿಸುವವರು ಯಾರೋ ಇದ್ದಾರೆ ಎಂದುಕೊಂಡಿದ್ದ.

"ಹಿಂಡಿ ಚಲೋ ಇತ್ತೇನ್ರಿ?" ಎಂದು ಚನ್ನಬಸವ್ವ ಸಂಜೆ ಕೇಳುತ್ತಿದ್ದಳು.

"ಚಲೋ ಆಗಿತ್ತು," ಎನ್ನುತ್ತಿದ್ದ.

ಆ ವರ್ಷದ ಯುಗಾದಿಗೆ ರಾಮಪ್ರಸಾದ್ ಮನೆಗೆ ಊಟಕ್ಕೆ ಬಂದಿದ್ದ. ಕರೆದವನು ಅಮೃತಪ್ಪನೇ, ಆಮೇಲೆ ಕೈ ಕೈ ಹಿಸುಕಿಕೊಂಡವನೂ ಅವನೇ. ಬಂದವನು ಅತ್ತಿಗೆ ಅತ್ತಿಗೆ ಎನ್ನುತ್ತ ಹೋಳಿಗೆಯನ್ನು ಹೊಗಳಿದ್ದೇ ಹೊಗಳಿದ್ದು. ಡೆರಿಕ್ ಏಣಿಯಿಂದ ಜಾರಿದ ಕತೆ ಹೇಳಿ ಅವಳನ್ನು ಸೆರಗು ಬಾಯಿಗೆ ಹಿಡಿಯುವಷ್ಟು ನಗಿಸಿದ. ಅಮೃತಪ್ಪ ಅದೇ ಕತೆಯನ್ನು ಒಂದು ತಿಂಗಳ ಹಿಂದೆ ಹೇಳಿದಾಗ ಅವಳು "ಪಾಪ, ಪೆಟ್ಟಾತೇನ್ರಿ ಅವಗ?" ಎಂದು ಕೇಳಿದ್ದಳು. ಇಬ್ಬರೂ ಹೇಳಿದ್ದು ಒಂದೇ ಕತೆ. ಒಬ್ಬನಿಗೆ ನಗು ಸಿಕ್ಕಿತು. ಅಮೃತಪ್ಪ ಅದನ್ನು ಮರೆಯಲಿಲ್ಲ. ಆಮೇಲೆ ಅವಳು ಎರಡು ಸಲ, "ರಾಮಪ್ರಸಾದ್ ಅವ್ರು ಮದುವಿ ಆಗೂದಿಲ್ಲೇನ್ರಿ?" ಎಂದಳು. ಅದನ್ನೂ ಮರೆಯಲಿಲ್ಲ.

ಅಕ್ಟೋಬರಿನ ಒಂದು ಗುರುವಾರ ರಾಮಪ್ರಸಾದ್ ಹಲ್ಲು ಕೀಳಿಸಿಕೊಳ್ಳಲು ರಜೆ ಹಾಕಿದ. ಅವನು ಬುಧವಾರ ಇಟ್ಟ ಬೋನನ್ನು ನೋಡಿ ಬರಲು ಡೆರಿಕ್ ಅಮೃತಪ್ಪನನ್ನು ಸ್ಟ್ಯಾನ್ಮೋರ್‌ಗೆ ಕಳಿಸಿದ. ಬಾಗಿಲು ತೆರೆದ ಮುದುಕಿ ಇವನ ಹಿಂದೆ ಇಣುಕಿ ನೋಡಿ, "ರಾಮ್ ಬರಲಿಲ್ಲವೆ?" ಎಂದು ಕೇಳಿದಳು. ಅಮೃತಪ್ಪ ಏಣಿ ಹತ್ತಿದ.

ಲಾಫ್ಟ್‌ನಲ್ಲಿ ಟಾರ್ಚು ಬಿಟ್ಟು ನೋಡಿದರೆ ಬೋನಿನೊಳಗೆ ದಪ್ಪ ಅಳಿಲೊಂದು ಕೂತಿತ್ತು. ಸಿಕ್ಕಿಬಿದ್ದಿದ್ದೇನೆ ಎಂಬ ಚಿಂತೆಯೂ ಇಲ್ಲದೆ ಎರಡು ಮುಂಗಾಲಿನಲ್ಲಿ ಏನನ್ನೋ ಹಿಡಿದು ತಿನ್ನುತ್ತಿತ್ತು. ಬೋನಿನ ಪಕ್ಕದಲ್ಲಿ ಫಾಯಿಲಿನ ತುಂಡು ಬಿದ್ದಿತ್ತು. ಬೀಡಾದಂತೆ ನಾಲ್ಕು ಮೂಲೆ ಮಡಚಿದ ಗುರುತು ಅದರ ಮೇಲೆ ಇನ್ನೂ ಇತ್ತು.

ಅಮೃತಪ್ಪ ಅದನ್ನು ಎತ್ತಿ ಮೂಸಿದ. ಅಂಟಿಕೊಂಡಿದ್ದ ಚೂರನ್ನು ನಾಲಿಗೆಗೆ ಹಚ್ಚಿದ. ಶೇಂಗಾ. ಬೆಲ್ಲ. ಹಲ್ಲಿಗೆ ಕರಕರ ಎನ್ನುವ ಗುರೆಳ್ಳು. ಖಾರ ಇಲ್ಲ. ಇಡೀ ಲಂಡನ್ನಿನಲ್ಲಿ ಈ ಹಿಂಡಿ ಕುಟ್ಟುವ ಕೈ ಒಂದೇ.

ಅವನ ಮೈಯೆಲ್ಲ ಉರಿದುಹೋಯಿತು. ಕೈಗುಣ, ಕೈಗುಣ ಎಂದು ರಾಮಪ್ರಸಾದ್ ನಕ್ಕಿದ್ದು ಅದಕ್ಕೇ! ಯಾರ ಕೈ ಎಂದು ಈಗ ಗೊತ್ತಾಯಿತು. ನನಗಾಗಿ ಕುಟ್ಟಿದ್ದನ್ನು ಅವನಿಗೆ ಕೊಡುತ್ತಾಳೆ, ಅವನು ಅದನ್ನು ಇಟ್ಟು ನನ್ನ ಅಳಿಲು ಹಿಡಿಯುತ್ತಾನೆ. ಯಾವಾಗ ಕೊಡುತ್ತಾಳೆ? ಬೆಳಗಿನ ಹೊತ್ತು, ನಾನು ವ್ಯಾನಿನಲ್ಲಿ ಸುತ್ತುವಾಗ. ಎಲ್ಲಿ? ಏರ್‌ಪೋರ್ಟಿನ ಬಸ್ ಸ್ಟಾಪಿನಲ್ಲಿರಬೇಕು. ಐದು ನಿಮಿಷದಲ್ಲಿ ಅವನು ಆ ಬಸ್ ಸ್ಟಾಪಿನ ಬೆಂಚನ್ನೂ ಕಣ್ಣಾರೆ ಕಂಡಂತಾಯಿತು. ಓದುವ ನಿಮಗೆ ಬೇರೇನೋ ಹೊಳೆದಿರಬಹುದು. ಹೊಟ್ಟೆಕಿಚ್ಚಿನವನಿಗೆ ಅದೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ಹೊಳೆಯುತ್ತದೆ.

ಮೂರು ಗಂಟೆಗೆ ಅವನು ಮನೆ ಸೇರಿದಾಗ ಚನ್ನಬಸವ್ವ ಪಾಳಿ ಮುಗಿಸಿ ಬಂದು, ಅಡುಗೆಮನೆಯ ನೆಲದ ಮೇಲೆ ಕೂತು ಹಿಂಡಿ ಕುಟ್ಟುತ್ತಿದ್ದಳು. ಅವನು ಫಾಯಿಲಿನ ತುಂಡನ್ನು ಅವಳ ಮುಂದೆ ಎಸೆದ.

"ಇದು ಯಾರದು?"

"ನಂದ. ಯಾಕ್ರಿ?"

"ಯಾರ್ಯಾರಿಗೆ ಕೊಡ್ತೀ ಹಿಂಡಿ?"

"ಯಾರಿಗೆ ಕೊಡ್ಲಿ? ನಿಮಗ."

"ರಾಮಪ್ರಸಾದಗ ಕೊಡಂಗಿಲ್ಲ? ಅವನ ಬೋನಿನ್ಯಾಗ ಸಿಕ್ಕೈತಿ ಇದು. ನಾ ಮೂರ್ಖ ಅಂತ ತಿಳದೀಯೇನು? ಯುಗಾದಿ ದಿನ ಹಲ್ಲು ಕಿಸಿದು ನಕ್ಕಿದ್ದು ಕಂಡೀನಿ ನಾನು. ಎಷ್ಟು ದಿನದಿಂದ ನಡದೈತಿ?"

ಚನ್ನಬಸವ್ವ ಕುಟ್ಟುವುದನ್ನು ನಿಲ್ಲಿಸಿದಳು. ಅವಳು ಅಳಲಿಲ್ಲ, ಕೂಗಲಿಲ್ಲ. ಕೈಯನ್ನು ಸೆರಗಿಗೆ ಒರೆಸಿಕೊಂಡು ಹೋಗಿ ಫೋನಿನ ಪಕ್ಕದ ಡೈರಿ ತೆಗೆದು, ನಂಬರು ನೋಡಿ ತಿರುಗಿಸಿದಳು. ರಾಮಪ್ರಸಾದ್ ಯಾವಾಗಲೂ ಫೋನಿನಲ್ಲಿ ಕೂಗಿಯೇ ಮಾತಾಡುವವನು. ಅವಳು ರಿಸೀವರನ್ನು ಕಿವಿಯಿಂದ ಒಂದು ಗೇಣು ದೂರ ಹಿಡಿದಳು, ಗಂಡನಿಗೂ ಕೇಳಲಿ ಎಂದು.

"ನಾನ್ರಿ, ಚನ್ನಬಸವ್ವ. ಅಳಿಲಿನ ಬೋನಿಗೆ ಶೇಂಗಾದ್ದು ಇಡ್ತೀರಲ್ಲ, ಅದನ್ನ ನಿಮಗ ಯಾರು ಕೊಡ್ತಾರ್ರಿ?"

"ಅತ್ತಿಗೆ, ನೀವಾ!" ಬಾಯಲ್ಲಿ ಹತ್ತಿ ಇಟ್ಟುಕೊಂಡಿದ್ದರೂ ಅವನ ದನಿಯ ಉತ್ಸಾಹ ಕುಗ್ಗಿರಲಿಲ್ಲ. "ಇನ್ಯಾರು ಕೊಡ್ತಾರೆ? ಅಮೃತಪ್ಪೋರೇ ಕೊಡೋದು. ದಿನಾ ನಂಗೇಂತ ಸೀಟಿನ ಕೆಳಗೆ ಒಂದು ಪೊಟ್ಟಣ ಇಟ್ಟು ಹೋಗ್ತಾರೆ. ಬಾಯಿಬಿಟ್ಟು ಹೇಳ್ಕೊಳ್ಳೋರಲ್ಲ ಅವ್ರು. ನಾನೂ ಡೆರಿಕ್‌ಗೆ ಹೇಳಿಲ್ಲ, ಅವರ ಗುಟ್ಟು ಅಲ್ವಾ? ಏನು ತಲೆ ಅತ್ತಿಗೆ! ಕಡ್ಲೇಕಾಯಿ, ಬೆಲ್ಲ, ಮೇಲೆ ಹಕ್ಕಿ ಕಾಳು. ಯಾವ ಅಳಿಲು ಬಿಡುತ್ತೆ ಹೇಳಿ?"

"ಅದು ಮನಷ್ಯಾರು ತಿನ್ನೂದು ಅಂತ ನಿಮಗ ಅನ್ನಸಲಿಲ್ಲೇನ್ರಿ?"

"ತಮಾಷೆ ಮಾಡ್ತೀರಾ ಅತ್ತಿಗೆ? ಒಂಚೂರೂ ಖಾರ ಇಲ್ವಲ್ಲ! ನಿಮ್ಮ ಕಡೆಯೋರು ಅಂಥದ್ದು ತಿಂತಾರಾ?"

"ಇಲ್ರಿ," ಎಂದಳು ಚನ್ನಬಸವ್ವ. "ಯಾರೂ ತಿನ್ನಂಗಿಲ್ಲ. ಹಲ್ಲು ನೋಡ್ಕೋರಿ." ರಿಸೀವರ್ ಇಟ್ಟಳು.

ಅಮೃತಪ್ಪ ಗೋಡೆ ನೋಡುತ್ತ ನಿಂತಿದ್ದ.

"ಒಂದಿನಾನೂ ತಿಂದಿಲ್ಲೇನ್ರಿ?"

"ಮೊದಲನೇ ವಾರ ತಿಂದಿದ್ದೆ."

"ಮತ್ತ ಏನು ತಿಂತಿದ್ರಿ?"

ಅವನು ಹೇಳಿದ. ಚಿಪ್ಸ್ ಎಂದ, ಸ್ವಲ್ಪ ತಡೆದು ಚಿಲ್ಲಿ ಸಾಸ್ ಎಂದೂ ಹೇಳಿದ. ಅವಳು ಕೋಟು ಹಾಕಿಕೊಂಡು, ಚಪ್ಪಲಿ ಮೆಟ್ಟಿ, ಬಾಗಿಲು ಎಳೆದುಕೊಂಡು ಹೊರಟೇಹೋದಳು.

ಅವನು ಕಿಟಕಿಗೆ ಬಂದ. ಅವಳು ಬಸ್ ಸ್ಟಾಪಿನ ಕಡೆಗೆ ತಿರುಗಿದ್ದು ಕಂಡಿತು. ನಾಚಿಕೆ ಇನ್ನೂ ಮುಖದ ಮೇಲೆ ಬಿಸಿಯಾಗಿರುವಾಗಲೇ, ಎಲ್ಲಿಗೆ ಹೋದಳು, ರಾಮಪ್ರಸಾದನಿಗೆ ಹಲ್ಲು ನೋವಲ್ಲವೆ, ನೋಡಲು ಹೋದಳೆ ಎಂದು ಹೊಟ್ಟೆ ಮತ್ತೆ ಉರಿಯತೊಡಗಿತು. ಆಗ ಅವನಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು. ಹೇಸಿಗೆಯಾದರೂ ಕಿಟಕಿ ಬಿಟ್ಟು ಕದಲಲಿಲ್ಲ. ಹೋದರೆ ಹೋಗಲಿ ಎನ್ನುವ ಧೈರ್ಯ ಅವನಿಗಿರಲಿಲ್ಲ. ಅವಳಿಲ್ಲದ ಈ ಮನೆಯಲ್ಲಿ ಒಂದು ಲೋಟ ನೀರು ಎಲ್ಲಿದೆ ಎಂಬುದೂ ಅವನಿಗೆ ಸರಿಯಾಗಿ ಗೊತ್ತಿರಲಿಲ್ಲ.

ಕಾಲು ಗಂಟೆಯ ಮೇಲೆ ಅವಳು ಮೂಲೆಯ ಅಂಗಡಿಯ ಚೀಲ ಹಿಡಿದು ತಿರುಗಿ ಬಂದಳು. ಚೀಲದಲ್ಲಿ ಇದ್ದದ್ದು ಒಣ ಮೆಣಸಿನಕಾಯಿಯ ದೊಡ್ಡ ಪ್ಯಾಕೆಟ್ಟು. ಬಾಣಲೆ ಇಟ್ಟು ಹುರಿದಳು. ಘಾಟು ಫ್ಲಾಟೆಲ್ಲ ತುಂಬಿತು, ಹೊಗೆಯ ಅಲಾರಂ ಕಿರುಚಿತು, ಅಮೃತಪ್ಪ ಕುರ್ಚಿ ಹತ್ತಿ ಅದನ್ನು ನಿಲ್ಲಿಸಿದ. ಅವಳು ಬೆಳ್ಳುಳ್ಳಿ ಸುಲಿದು, ಶೇಂಗಾ ಹಾಕಿ, ಕೆಂಪಗೆ ಹಿಂಡಿ ಕುಟ್ಟಿದಳು. ಎರಡು ತಟ್ಟೆ ಹಾಕಿದಳು.

ಅವನ ಬಾಯಲ್ಲಿ ನೀರೂರಿತು. ಕ್ಷಮಿಸಿದಳು ಎಂದುಕೊಂಡ. ಕೆಂಪು ಹಿಂಡಿಯ ಕಡೆಗೆ ಕೈ ಚಾಚಿದ.

ಚನ್ನಬಸವ್ವ ಬಟ್ಟಲನ್ನು ತನ್ನ ಕಡೆಗೆ ಎಳೆದುಕೊಂಡಳು. "ಇದು ನಂದು."

"ನಿಂದಾ?"

"ಮೂರು ವರ್ಷ ಆತು ನಾ ಖಾರ ಬಿಟ್ಟು. ನಿಮ್ಮ ಮುಂದ ನಾ ತಿಂದ್ರ ನಿಮಗ ಆಸಿ ಆಗತೈತಿ ಅಂತ ಬಾಯಿ ಕಟ್ಟಿದ್ನಿ. ಕೆಲಸದಾಗೂ ಮುಟ್ಟಲಿಲ್ಲ."

ಅಮೃತಪ್ಪ ಅವಳ ಮುಖ ನೋಡಿದ. ಮದುವೆಯಾದ ಹೊಸದರಲ್ಲಿ ಅವಳು ರೊಟ್ಟಿಯ ಜೊತೆ ಹಸಿಮೆಣಸಿನಕಾಯಿಯನ್ನು ಉಪ್ಪಿಗೆ ಅದ್ದಿ ಕಟಕಟ ಕಡಿಯುತ್ತಿದ್ದವಳು. ಅದು ಯಾವಾಗ ನಿಂತಿತು? ಯುಗಾದಿಯ ದಿನದ ಒಂದು ನಗುವನ್ನು ಆರೇಳು ತಿಂಗಳು ಎದೆಯಲ್ಲಿಟ್ಟುಕೊಂಡಿದ್ದ ಅವನ ಕಣ್ಣಿಗೆ, ಎದುರು ತಟ್ಟೆಯಲ್ಲಿ ಮೂರು ವರ್ಷದಿಂದ ಇಲ್ಲದ್ದು ಕಂಡಿರಲಿಲ್ಲ.

ಅವಳು ಮಧ್ಯಾಹ್ನ ಕುಟ್ಟಿಟ್ಟಿದ್ದ ಖಾರವಿಲ್ಲದ ಹಿಂಡಿಯನ್ನು ಅವನ ತಟ್ಟೆಗೆ ಹಾಕಿ, ತಾನು ಕೆಂಪು ಹಿಂಡಿಗೆ ರೊಟ್ಟಿ ಅದ್ದಿ ತಿನ್ನತೊಡಗಿದಳು. ಹಣೆಯ ಮೇಲೆ ಬೆವರು ಮೂಡಿತು. ಅವಳು ಒರೆಸಿಕೊಳ್ಳದೆ ತಿಂದಳು, ಮೂರು ವರ್ಷದ ಹಸಿವಿನಲ್ಲಿ.

ಅಮೃತಪ್ಪ ರೊಟ್ಟಿ ಮುರಿದು ತನ್ನ ಹಿಂಡಿ ಹಚ್ಚಿಕೊಂಡ. ಹುರಿದ ಶೇಂಗಾದ ಎಣ್ಣೆ ರೊಟ್ಟಿಗೆ ಇಳಿದಿತ್ತು, ಬೆಲ್ಲ ಹಿಂದಿನಿಂದ ಬಂತು, ಗುರೆಳ್ಳು ಕೊನೆಗೆ. ಇದನ್ನು ಅವಳು ಎಷ್ಟು ಸಲ ಕುಟ್ಟಿ, ಬದಲಿಸಿ, ಮತ್ತೆ ಕುಟ್ಟಿ ಇಲ್ಲಿಗೆ ತಂದಿದ್ದಾಳೆಂದು ಮೊದಲ ವಾರದ ಹಿಂಡಿಯನ್ನಷ್ಟೇ ತಿಂದವನಿಗೆ ಹೇಗೆ ತಿಳಿಯಬೇಕು? ಸ್ಟ್ಯಾನ್ಮೋರ್‌ನ ಲಾಫ್ಟ್‌ಗಳ ಅಳಿಲುಗಳಿಗೆ ತಿಳಿದಿತ್ತು. ಜೀವ ಹೋಗುವ ಮುಂಚೆ ಅವು ಇದನ್ನು ಎರಡೂ ಕೈಯಲ್ಲಿ ಹಿಡಿದು ತಿಂದಿದ್ದವು. ಅಮೃತಪ್ಪನಿಗೆ ಆ ಅಳಿಲುಗಳ ಮೇಲೆ ಹೊಟ್ಟೆಕಿಚ್ಚಾಯಿತು.

"ಚಲೋ ಆಗೇತಿ," ಎಂದ. "ಖರೇನ, ಚನ್ನವ್ವಾ. ಭಾಳ ಚಲೋ ಆಗೇತಿ."

ಚನ್ನಬಸವ್ವ ತಟ್ಟೆಯಿಂದ ತಲೆ ಎತ್ತಲಿಲ್ಲ.

"ದಿನಾ ಹಿಂಗ ಅಂತಿದ್ರಿ," ಎಂದಳು.